ತೊಳೆಯದ ಅಂಗೈ

೨೦೬೩ರ ಆಗಸ್ಟ್ ೧೪, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ರಾಯಚೂರಿನ ಹೊರವಲಯದ ಸಂಶೋಧನಾಲಯವೊಂದರ ಎರಡನೆಯ ಮಹಡಿಯಲ್ಲಿ, ಗಾಜಿನ ತೊಟ್ಟಿಲಲ್ಲಿ, ಸಣ್ಣಗೆ ನಡುಗುವ ಹಾಸಿಗೆಯ ಮೇಲೆ ಮಲಗಿದ್ದ ಐದು ತಿಂಗಳ ಕೂಸಿನ ಎಡಗಿವಿ ಮಡಿಚಿಕೊಂಡಿತು. ಯಾರೂ ಮುಟ್ಟಿರಲಿಲ್ಲ. ಬಿಸಿಲಿಗಿಟ್ಟ ಮೇಣದ ಹಾಗೆ ತಾನಾಗಿ ಬಾಗಿ ಕೆನ್ನೆಗೆ ಅಂಟಿಕೊಂಡಿತು.

"ಡಾಕ್ಟ್ರೇ, ಕಿವಿ ಹೋತು," ಎಂದಳು ದುರುಗವ್ವ.

ಆ ಸಂಶೋಧನಾಲಯದಲ್ಲಿ ಅವಳು ವಿಜ್ಞಾನಿ. ಕೂಸಿಗೆ ದೊಡ್ಡವ್ವ, ಅಂದರೆ ತಾಯಿಯ ಅಕ್ಕ. ಮಕ್ಕಳ ವೈದ್ಯ ಇಮ್ತಿಯಾಜ್ ಮುಲ್ಲಾ ಓಡಿಬಂದು ಪೆನ್ನಿನಷ್ಟು ದಪ್ಪದ ಅಳತೆಕಡ್ಡಿಯನ್ನು ಕೂಸಿನ ಗಂಟಲಿಗೆ ಮೆಲ್ಲಗೆ ತಾಗಿಸಿದ. ಪರದೆಯ ಮೇಲೆ ಅಂಕಿ ಕಂಡಿತು.

"ಒಂದು ಪಾಯಿಂಟ್ ಆರು. ನಿನ್ನೆ ಸಂಜೀಕ ಎರಡರ ಮ್ಯಾಲಿತ್ತಲ್ರಿ ಮೇಡಂ!"

ಅದು ಶ್ವಾಸನಾಳದ ಗಡಸುತನದ ಅಳತೆ. ಉಸಿರಿನ ಕೊಳವೆಯನ್ನು ಮೆತ್ತನೆಯ ಎಲುಬಿನ ಉಂಗುರಗಳು ತೆರೆದು ಹಿಡಿದಿರುತ್ತವೆ. ಆ ವಯಸ್ಸಿನ ಕೂಸಿಗೆ ಅವುಗಳ ಗಡಸುತನ ಮೂರು ಮೆಗಾಪಾಸ್ಕಲ್ ಇರಬೇಕು. ಎರಡಿದ್ದರೂ ನಡೆಯುತ್ತದೆ, ಉಸಿರಿಗೆ ಅಪಾಯವಿಲ್ಲ. ಒಂದಕ್ಕಿಂತ ಕೆಳಗಿಳಿದರೆ, ಎಳನೀರಿನ ಒದ್ದೆ ಕಾಗದದ ಕೊಳವೆ ಹೀರಿದಾಗ ಚಪ್ಪಟೆಯಾಗುವಂತೆ, ಉಸಿರೆಳೆದಾಗಲೆಲ್ಲ ನಾಳ ಮುಚ್ಚಿಕೊಳ್ಳುತ್ತದೆ. ಒಳಗೆ ನಳಿಕೆ ಇಳಿಸುವಂತೆಯೂ ಇರಲಿಲ್ಲ. ಗೋಡೆಯೇ ಬೆಣ್ಣೆಯಾದ ಮೇಲೆ ನಳಿಕೆ ಅದನ್ನು ಸೀಳಿಕೊಂಡು ಹೊರಬರುತ್ತದೆ.

"ಹಾಸಿಗಿ ಕೆಲಸ ಮಾಡಾಕತ್ತಿಲ್ಲ," ಎಂದ ಮುಲ್ಲಾ, ದನಿ ತಗ್ಗಿಸಿ. "ಹೇಳಾಕ ಬಾಯಿ ಬರವಲ್ದು. ಆದ್ರ ನಿಮಗೂ ಕಾಣಾಕತ್ತೈತಿ."

ಅವಳಿಗೆ ಕಾಣುತ್ತಿತ್ತು.

ಕೃಷ್ಣೆಯ ನಡುಗಡ್ಡೆಯೊಂದರಲ್ಲಿ ವಾಸಿಸುವ ಅವಳ ಕುಲಕ್ಕೆ ಹೊರಳಿಗರು ಎಂದು ಹೆಸರು. ಹೊರಳಿಗರ ಮೈಯಲ್ಲಿ ಒಂದು ಬಗೆಯ ಜೀವಕೋಶಗಳಿವೆ. ಅವು ಚರ್ಮದ, ಮೃದು ಎಲುಬಿನ ನೂಲುಗಳ ಕಟ್ಟನ್ನು ಬಿಚ್ಚಿ ಬೇರೆ ಬಗೆಯಲ್ಲಿ ಕಟ್ಟಬಲ್ಲವು. ಹೀಗಾಗಿ ಹೊರಳಿಗರು ಯಾರೇ ಆಗಲಿ ಅರ್ಧ ಗಂಟೆಯಲ್ಲಿ ಇನ್ನೊಬ್ಬರ ಮುಖ, ಕೈ, ದನಿ ತೊಡಬಲ್ಲರು. ಹೇಗೆ ಕಟ್ಟಬೇಕು ಎಂಬ ಅಪ್ಪಣೆ ಹೋಗುವುದು ಚರ್ಮದ ಸಣ್ಣ ಕಂಪನದ ಮೂಲಕ. ಒಬ್ಬೊಬ್ಬರ ಮೈಗೆ ಒಂದೊಂದು ಕಂಪನ. ಇನ್ನೊಬ್ಬರ ಮೈಯನ್ನು ಕಲಿಯುವುದು ಕಣ್ಣಿನಿಂದಲ್ಲ, ಅಂಗೈಯಿಂದ. ಮುಟ್ಟಿದ ಕಂಪನವನ್ನು ಅಂಗೈಯ ಕೋಶಗಳು ನೆನಪಿಟ್ಟುಕೊಳ್ಳುತ್ತವೆ.

ಇದು ದುರುಗವ್ವ ಪ್ರಬಂಧಗಳಲ್ಲಿ ಬರೆದ ಮಾತು. ಅವಳ ಕುಲ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತಿತ್ತು. ಹೊಳೆವ್ವ ಎಲ್ಲರಿಗೂ ಆಕಾರ ಹಂಚುವಾಗ ಹೊರಳಿಗರು ನೀರಾಟಕ್ಕೆ ಹೋಗಿದ್ದರಂತೆ. ಹಿಂತಿರುಗುವಷ್ಟರಲ್ಲಿ ಆಕಾರವೆಲ್ಲ ಮುಗಿದಿತ್ತು. "ನನ್ನ ಹಂಗ ಇರ್ರಿ, ದಂಡಿ ಹೆಂಗೈತೋ ಹಂಗ ಹರೀರಿ," ಅಂದಳಂತೆ ಹೊಳೆವ್ವ. ಅದಕ್ಕೇ ಹೊರಳಿಗರ ಮನೆಯಲ್ಲಿ ಕನ್ನಡಿ ಇಲ್ಲ. ಮುಖ ಎಂಬುದು ತೊಟ್ಟವರದಲ್ಲ, ನೋಡುವವರದು ಎಂದು ಅವರ ನಂಬಿಕೆ. ಹುಟ್ಟಿದ ಕೂಸಿಗೆ ಒಂದು ವರ್ಷ ಹೆಸರಿಡುವುದಿಲ್ಲ. ಅದು ಇನ್ನೂ ಹರಿಯುತ್ತಿರುತ್ತದೆ. ಆ ವರ್ಷವಿಡೀ ತಾಯಿ ಒಂದೇ ಮೈಯಲ್ಲಿದ್ದು ಅದನ್ನು ಅಪ್ಪಿಕೊಂಡಿರಬೇಕು. ಅವಳನ್ನು ಕೂಸಿನ ದಂಡೆ ಎನ್ನುತ್ತಾರೆ. ದಂಡೆಯ ಕಂಪನದಿಂದಲೇ ಕೂಸಿನ ಕೋಶಗಳು ಕಟ್ಟುವುದನ್ನು ಕಲಿಯುತ್ತವೆ. ದಂಡೆ ತಪ್ಪಿದರೆ ಬರೀ ಬಿಚ್ಚುತ್ತ ಹೋಗುತ್ತವೆ. ಹುಟ್ಟಿದ ಹೊಸದರಲ್ಲಾದರೆ ಇನ್ನೊಬ್ಬ ಹೆಂಗಸು ದಂಡೆಯಾಗಬಹುದು, ಒಂದು ಕಂಪನಕ್ಕೆ ಒಗ್ಗಿದ ಕೂಸಿಗೆ ಬೇರೆಯದು ಹಿಡಿಸುವುದಿಲ್ಲ.

ಈ ಕೂಸಿನ ದಂಡೆ, ದುರುಗವ್ವನ ತಂಗಿ ಹುಲಿಗೆವ್ವ, ಭಾನುವಾರ ಬೆಳಿಗ್ಗೆ ಸಜ್ಜೆ ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಸತ್ತಿದ್ದಳು.

ಸುದ್ದಿ ತಿಳಿದು ನಡುಗಡ್ಡೆಗೆ ಹೋದ ದುರುಗವ್ವ ತಂಗಿಯ ತಣ್ಣಗಾಗುತ್ತಿದ್ದ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ವಿಜ್ಞಾನಿಯಾದಳು. ಎರಡು ವರ್ಷದ ಹಿಂದೆ ಅಧ್ಯಯನಕ್ಕೆಂದು ತಂಗಿಯ ಕಂಪನವನ್ನು ದಾಖಲಿಸಿಕೊಂಡಿದ್ದಳು. ಅದನ್ನು ನುಡಿಸುವ ಹಾಸಿಗೆಯೊಂದನ್ನೂ ತಯಾರಿಸಿದ್ದಳು. ಅದರ ಮೈತುಂಬ ಸಣ್ಣ ಸಣ್ಣ ನಡುಗುವ ಮೊಳೆಗಳು. "ಹೆದರಬ್ಯಾಡಬೇ, ಕೂಸಿಗೆ ನಾ ದಂಡಿ ಮಾಡಿಟ್ಟೀನಿ," ಎಂದು ತಾಯಿಗೆ ಹೇಳಿ ಕೂಸನ್ನು ಎದೆಗವಚಿಕೊಂಡು ಬಂದಿದ್ದಳು.

ಹಾಸಿಗೆ ಚೆನ್ನಾಗಿಯೇ ನಡುಗುತ್ತಿತ್ತು. ಆದರೆ ತಾಯಿಯ ಮೈ ಬರೀ ಹೇಳುವುದಿಲ್ಲ, ಕೂಸಿನ ಮೈ ಹೇಳಿದ್ದನ್ನು ಕೇಳಿ ಮರುಮಾತು ಕೊಡುತ್ತದೆ. ಹಾಸಿಗೆಗೆ ಕಿವಿ ಇರಲಿಲ್ಲ, ಅದನ್ನು ಮುಟ್ಟಿ ಅಂಗೈಯೂ ಏನನ್ನೂ ಕಲಿಯಲಾರದು. ಆ ಸಂಗತಿ ಅವಳಿಗೆ ಗೊತ್ತಾದದ್ದು ಸೋಮವಾರ ಇಡೀ ದಿನ ಅಂಕಿ ಇಳಿಯುವುದನ್ನು ನೋಡಿದ ಮೇಲೆ.

"ನಿಮ್ಮ ಮಂದ್ಯಾಗ ಯಾರರ ಹುಲಿಗೆವ್ವನ ಮೈ ತೊಟ್ಟರ?" ಎಂದ ಮುಲ್ಲಾ.

"ಸತ್ತವರ ಮೈ ತೊಡಂಗಿಲ್ಲ ನಮ್ಮೊಳಗ."

"ಕೂಸು ಸಾಯಾಕತ್ತೈತ್ರಿ."

"ಅದಕ್ಕ ಕೇಳಾಕ ಹೊಂಟೀನಿ," ಎಂದು ದುರುಗವ್ವ ಚಪ್ಪಲಿ ಮೆಟ್ಟಿದಳು.

ಮಧ್ಯಾಹ್ನ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಹುಲಿಗೆವ್ವನ ಗಂಡ ಮಾನಪ್ಪ ಮೋಟಾರಿನ ದೋಣಿ ತಂದು ದಡದಲ್ಲಿ ಕಾಯುತ್ತಿದ್ದ. ಮೂರು ದಿನದಲ್ಲಿ ಅವನ ಗಡ್ಡ ಬೆಳೆದಿತ್ತು. ಅದರ ಅಡಿಯಲ್ಲಿ ಮುಖ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ದುಃಖದಲ್ಲಿರುವ ಹೊರಳಿಗರ ಮುಖ ಹಾಗೆಯೇ, ಗಾಳಿ ಬೀಸಿದ ನೀರಿನಂತೆ ಅಲುಗುತ್ತದೆ.

"ಸೇತುವಿ ಆಗಿದ್ರ ಇಷ್ಟೊತ್ತಿಗೆ ಮನ್ಯಾಗಿರತಿದ್ವಿ," ಎಂದು ಅವನು ಅರ್ಧ ಕಟ್ಟಿ ಬಿಟ್ಟ ಕಂಬಗಳ ಕಡೆ ಗದ್ದ ಎತ್ತಿದ. "ನಮ್ಮಪ್ಪನ ಮದುವಿಗೆ ಆಕ್ಕತಿ ಅಂದಿದ್ರಂತ. ಈಗ ನನ್ನ ಮಗಳ ಮದುವಿಗೆ ಅಂತಾರ." ಮಗಳು ಎಂದ ಕೂಡಲೇ ಅವನು ಅವಳ ಕಡೆ ತಿರುಗಿದ. "ಹೆಂಗ ಐತಿ ಅಕ್ಕಾ, ಕೂಸು?"

ದುರುಗವ್ವ ಮುಚ್ಚಿಡಲಿಲ್ಲ. ಹಾಸಿಗೆ ಸೋತದ್ದನ್ನು ಹೇಳಿದಳು. "ಯಾರರ ಹುಲಿಗಿ ಮೈ ತೊಡಬೇಕು ಮಾನಪ್ಪ. ಪಾಪ ಅಂತ ಗೊತ್ತೈತಿ. ನೀನರ, ಅವ್ವನರ. ಬ್ಯಾರೆ ದಾರಿ ಇಲ್ಲ."

ಮಾನಪ್ಪ ಮೋಟಾರು ಆರಿಸಿದ. ದೋಣಿ ಸೆಳವಿಗೆ ಸಿಕ್ಕು ಅಡ್ಡಡ್ಡ ಜಾರತೊಡಗಿತು. ಅವನು ತನ್ನೆರಡು ಅಂಗೈಗಳನ್ನು ಮೇಲೆ ಮಾಡಿ ಅವಳ ಮುಂದೆ ಹಿಡಿದ.

"ಅಂಗೈ ತೊಳದ್ವಿ ಅಕ್ಕಾ. ನಿನ್ನೆ."

"ನಿನ್ನೆ? ಕೂಸು ವರ್ಷದೊಳಗಿನದು ಐತಿ. ಹೊಸ ದಂಡಿ ಸಿಗೂತನಕ ತೊಳ್ಯಂಗಿಲ್ಲಲ್ಲ!"

"ನೀನ ಹೇಳಿದಿ, ದಂಡಿ ಮಾಡೀನಿ ಅಂತ."

ದುರುಗವ್ವ ಅವನ ಅಂಗೈಗಳನ್ನು ಹಿಡಿದು ನೋಡಿದಳು. ಕುಲದ ಕಟ್ಟಳೆ ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಸತ್ತವರನ್ನು ಮುಟ್ಟಿದವರೆಲ್ಲ ಹೊಳೆಯಲ್ಲಿ ಕೈಯದ್ದಿ ನಿಂತು, ಒಬ್ಬರಾದ ಮೇಲೊಬ್ಬರು ಪರಕೀಯರ ಮೈಗಳನ್ನು ತೊಟ್ಟು ಕಳಚುತ್ತಾರೆ. ಪಕ್ಕದವರ ಅಂಗೈಗೆ ಅಂಗೈ ಉಜ್ಜುತ್ತಾರೆ. ಕೊನೆಗೆ ಸತ್ತವರ ಕಂಪನ ಯಾರ ಅಂಗೈಯಲ್ಲೂ ಉಳಿಯುವುದಿಲ್ಲ. ಕೂಸು ಬಿಟ್ಟು ಸತ್ತ ತಾಯಿಯಾದರೆ ಹೊಸ ದಂಡೆ ಗೊತ್ತಾದ ಮಾರನೆಯ ದಿನವೇ ತೊಳೆಯಬೇಕು, ತಡವಾದರೆ ಸತ್ತವಳು ಕೂಸನ್ನು ತನ್ನ ಕಡೆ ಎಳೆಯುತ್ತಾಳೆ. ಅವಳು ಯಂತ್ರವೊಂದನ್ನು ದಂಡೆ ಎಂದಳು. ಅವರು ಅವಳ ಮಾತನ್ನು ನಂಬಿದರು. ಕೂಸು ಉಳಿಯಲೆಂದೇ, ಮಳೆಯಲ್ಲಿ ನಿಂತು, ಒಬ್ಬರೂ ಬಿಡದಂತೆ ಕೈ ತೊಳೆದುಕೊಂಡರು.

"ಎಲ್ಲಾರೂ?"

"ಎಲ್ಲಾರೂ. ನಿಮ್ಮವ್ವ ಮೊದಲು ಇಳದ್ಲು ನೀರಿಗೆ."

ದುರುಗವ್ವನ ತಾಯಿ ಗದ್ದೆವ್ವ ಮನೆಯ ಹೊಸ್ತಿಲ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅರವತ್ತೈದರ ಹೆಂಗಸು. ನಡುಗಡ್ಡೆಯಲ್ಲಿ ಹಿರಿಯಳು, ಕಟ್ಟಳೆ ತಪ್ಪಿದವರನ್ನು ಕೂರಿಸಿಕೊಂಡು ಬಯ್ಯುವವಳು. ಮಗಳು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದಳು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕಣ್ಣು ಮುಚ್ಚಿದಳು.

ಅವಳೇನು ಮಾಡುತ್ತಿದ್ದಾಳೆಂದು ದುರುಗವ್ವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಮುದುಕಿಯ ಕೆನ್ನೆಯ ನೆರಿಗೆಗಳು ಬಿಗಿದವು. ಗಲ್ಲ ಸಣ್ಣದಾಯಿತು. ಹುಬ್ಬು ಹುಲಿಗೆವ್ವನ ಹುಬ್ಬಿನಂತೆ ಬಾಗಿತು. ಮಾನಪ್ಪ ಅಯ್ಯೋ ಎಂದು ಗೋಡೆಯ ಕಡೆ ತಿರುಗಿದ. ಮುಂದೆ ಮೂಗು ತಪ್ಪಿತು. ಅದು ಯಾರದೋ ಮೂಗಾಯಿತು. ತುಟಿ ದಪ್ಪವಾಗಿ, ತೆಳುವಾಗಿ, ಮತ್ತೆ ದಪ್ಪವಾಯಿತು. ಪಟದಲ್ಲಿ ನೋಡಿದವರ ಮುಖ ನೆನೆದು ಬರೆದ ಚಿತ್ರದ ಹಾಗೆ, ಎಲ್ಲ ಇದ್ದೂ ಅವಳಿರಲಿಲ್ಲ. ಮುದುಕಿಯ ಹಣೆಯಿಂದ ಬೆವರು ಇಳಿಯಿತು. ಮೂರು ಸಲ ಪ್ರಯತ್ನಿಸಿದಳು. ಮೂರನೆಯ ಸಲ ಮುಖ ತಾನಾಗಿ ಸರಿದು ಗದ್ದೆವ್ವನದೇ ಆಯಿತು.

"ಕಣ್ಣಾಗ ಅದಾಳ," ಎಂದಳು ಗದ್ದೆವ್ವ. "ಕೈಯಾಗ ಇಲ್ಲ. ಹಡದಾಕಿ ನಾನು, ನನ್ನ ಕೈಯಾಗ ಇಲ್ಲ."

ಅಂಗಳದಲ್ಲಿ ಕೋಳಿಯೊಂದು ಮೆಣಸಿನಕಾಯಿಯ ತೊಟ್ಟುಗಳನ್ನು ಕೆದರುತ್ತಿತ್ತು. ಗದ್ದೆವ್ವ ಇದ್ದಕ್ಕಿದ್ದಂತೆ ಮಗಳ ಬಲಗೈ ಎಳೆದು ಅಂಗೈಯನ್ನು ಬಿಡಿಸಿ ನೋಡಿದಳು.

"ನೀ ತೊಳದಿಲ್ಲ."

"ನಾ ಗಟ್ಟಿಯಾದಾಕಿ ಬೇ. ನನ್ನ ಯಾರು ನೀರಿಗೆ ಕರೀತಾರ?"

ಹದಿನೈದು ವರ್ಷದ ಹಿಂದೆ ದುರುಗವ್ವ ಕಾಲೇಜು ಸೇರಲು ಹೊರಟಾಗಲೇ ಸ್ಥಿರರೂಪ ಕಾಯ್ದೆ ಬಂದಿತ್ತು. ನಡುಗಡ್ಡೆ ಬಿಟ್ಟು ಹೊರಗೆ ಓದಬೇಕು, ದುಡಿಯಬೇಕು, ರೈಲು ಹತ್ತಬೇಕು ಎನ್ನುವ ಹೊರಳಿಗರು ಮೂರು ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕು. ಆ ಮದ್ದು ಕೋಶಗಳನ್ನು ಮಲಗಿಸುತ್ತದೆ, ಮುಖ ಬದಲಾಗುವುದಿಲ್ಲ; ಅಂಗೈಯ ನೆನಪು ಮಾತ್ರ ಅಳಿಯುವುದಿಲ್ಲ. ಜನ ಅದನ್ನು ಗಟ್ಟಿಸೂಜಿ ಎನ್ನುತ್ತಿದ್ದರು. ಚುಚ್ಚಿಸಿಕೊಂಡವರು ಮೈ ತೊಟ್ಟು ಕಳಚಲಾರರು. ಅದಕ್ಕೇ ಅವರನ್ನು ತೊಳೆಯುವ ನೀರಿಗೆ ಕರೆಯುವುದಿಲ್ಲ. ಹದಿನೈದು ವರ್ಷ ಅದು ಅವಳಿಗೆ ಅವಮಾನವಾಗಿತ್ತು. ಇವತ್ತು ಇಡೀ ಕುಲದಲ್ಲಿ ಹುಲಿಗೆವ್ವ ಉಳಿದಿದ್ದದ್ದು ಆ ಎರಡು ಅಂಗೈಗಳಲ್ಲಿ ಮಾತ್ರ.

"ಮದ್ದು ಮೈಯಿಂದ ಇಳ್ಯಾಕ ತಿಂಗಳಗಟ್ಟಲೆ ಬೇಕು," ಎಂದಳು ದುರುಗವ್ವ. "ರಕ್ತ ಸೋಸಿ ತಗದ್ರ ಒಂದ ದಿನದಾಗ ಆದೀತು."

"ಆದ್ರ ತಿರುಗಿ ಬರಂಗಿಲ್ಲ ನೀ. ಸತ್ತವರ ಮೈ ತೊಟ್ಟಾಕಿ ಸತ್ತಂಗ. ನಿನ್ನ ಹೆಸರಿಗೂ ಅಂಗೈ ತೊಳೀತಾರ."

ಅದು ಬರೀ ನಂಬಿಕೆಯಲ್ಲ ಎಂದು ಯಾರಿಗಿಂತ ಚೆನ್ನಾಗಿ ಗೊತ್ತಿದ್ದವಳು ದುರುಗವ್ವ. ಬದುಕಿರುವವರ ಮೈ ತೊಟ್ಟರೆ, ಆ ಮೈಯವರು ಹಣೆ ಮುಟ್ಟಿ "ಬಿಟ್ಟುಕೊಡು" ಅನ್ನುತ್ತಾರೆ. ಒಂದೇ ಬಗೆಯ ಎರಡು ಕಂಪನಗಳು ಎದುರುಬದುರಾಗಿ ಒಂದನ್ನೊಂದು ಅಳಿಸುತ್ತವೆ, ತೊಟ್ಟ ಮೈ ಸಡಿಲಗೊಂಡು ಜಾರುತ್ತದೆ. ಸತ್ತವರು ಬಂದು ಮುಟ್ಟುವುದಿಲ್ಲ. ಹಾಗಾಗಿ ತೊಟ್ಟ ಮೈ ಗಟ್ಟಿಯಾಗುತ್ತಲೇ ಹೋಗುತ್ತದೆ. ತೊಟ್ಟವರು ಮನಸ್ಸು ಮಾಡಿದರೆ ನಡುವೆ ಕಷ್ಟಪಟ್ಟು ಕಳಚಬಹುದು. ಗಡಸುತನ ನಾಲ್ಕು ಮೆಗಾಪಾಸ್ಕಲ್ ದಾಟಿದ ಮೇಲೆ ಅದೂ ಇಲ್ಲ. ಅಲ್ಲಿಂದಾಚೆ ಕೋಶಗಳು ನೂಲಿನ ಕಟ್ಟು ಬಿಚ್ಚಲಾರವು.

"ಹೋಗಬ್ಯಾಡ ಅನ್ನಾಕ ಬಾಯಿ ಬರವಲ್ದು," ಎಂದಳು ಗದ್ದೆವ್ವ. "ಹೋಗು ಅನ್ನಾಕೂ ಬರವಲ್ದು. ಎದ್ದು ಹೋಗು ದುರುಗೀ, ನನ್ನ ಕೇಳಬ್ಯಾಡ."

"ಸುಳ್ಳ ಅಲ್ರಿ ಮೇಡಂ, ಇದು ಆತ್ಮಹತ್ಯಾ," ಎಂದ ಮುಲ್ಲಾ, ಸಂಜೆ ಅವಳು ಸಂಶೋಧನಾಲಯಕ್ಕೆ ಮರಳಿ ವಿಷಯ ಹೇಳಿದಾಗ. "ಹದಿನೈದು ವರ್ಷ ಮಲಗಿದ್ದ ಕೋಶ ಒಮ್ಮೆಲೇ ಎದ್ರ ನಿಮ್ಮ ಶ್ವಾಸನಾಳನ ಮೊದಲು ಕುಸೀತೈತಿ."

"ಕುಸದ್ರ ನನಗ ನಳಿಕಿ ಹಾಕ್ರಿ. ನಂದು ದೊಡ್ಡ ಗಂಟಲ."

"ಹೌದ್ರೀ, ದೊಡ್ಡ ಗಂಟಲ ಅನ್ನೂದು ಇಲ್ಲಿ ಎಲ್ಲಾರಿಗೂ ಗೊತ್ತೈತಿ." ಅವನು ನಗಲು ಹೋದ, ಆಗಲಿಲ್ಲ. "ನಾಳೆ ಹೊರಗ ಹೋದ್ರ ಗೇಟಿನ ಯಂತ್ರ ನಿಮ್ಮ ಮುಖ ಗುರುತು ಹಿಡ್ಯಂಗಿಲ್ಲ. ನೌಕ್ರಿ, ಮನಿ, ಎಲ್ಲಾ ದುರುಗವ್ವ ಮೇಡಂ ಹೆಸರಿಗೆ ಅದಾವ. ದುರುಗವ್ವ ಮೇಡಂ ಇರಂಗಿಲ್ಲ."

"ಕೂಸಿಂದು ಈಗ ಎಷ್ಟೈತಿ?"

"ಒಂದು ಪಾಯಿಂಟ್ ಎರಡು."

"ಹಂಗಾರ ರಕ್ತ ಸೋಸೂ ಸೂಜಿ ತರ್ರಿ."

ಬುಧವಾರ ಬೆಳಗಿನವರೆಗೆ ಅವಳ ರಕ್ತ ಸೋಸುಯಂತ್ರದೊಳಗೆ ಹೊಕ್ಕು ಹೊರಬಂತು. ಸೂರ್ಯ ಮೇಲೆ ಬಂದಾಗ ಅವಳ ಬೆರಳುಗಳಲ್ಲಿ ಜುಮುಜುಮು ಶುರುವಾಯಿತು. ಕಾಲಡಿಯಲ್ಲಿ ಇರುವೆಗೂಡು ಒಡೆದಂತೆ ಅದು ಮೈಗೆಲ್ಲ ಹತ್ತಿತು. ಕಿವಿಗಳು ಇಳಿಬಿದ್ದವು. ಉಸಿರೆಳೆದಾಗ ಮೂಗಿನ ಹೊಳ್ಳೆಗಳು ಅಂಟಿಕೊಂಡವು. ಬಾಯಿಂದ ಉಸಿರಾಡುತ್ತ ಅವಳು ತಂಗಿಯನ್ನು ನೆನೆದಳು. ಮೈ ಹೊರಳಿತು. ಮುಲ್ಲಾ ತಲೆ ಅಲ್ಲಾಡಿಸಿದ. ಬಂದಿದ್ದು ಯಾರೋ ಅಪರಿಚಿತ ಹೆಂಗಸು. ಮತ್ತೆ ನೆನೆದಳು. ಇನ್ನೊಬ್ಬಳು ಅಪರಿಚಿತೆ. ಪಕ್ಕದ ತೊಟ್ಟಿಲಲ್ಲಿ ಕೂಸಿನ ಉಸಿರು ಸೀಟಿಯಂತೆ ಸಣ್ಣಗೆ ಕೂಗತೊಡಗಿತ್ತು. ಒಂದೊಂದು ಉಸಿರಿಗೂ ಅದರ ಎದೆಗುಳಿ ಒಳಕ್ಕೆ ಬೀಳುತ್ತಿತ್ತು.

"ಸೊನ್ನೆ ಪಾಯಿಂಟ್ ಒಂಬತ್ತು," ಎಂದ ಮುಲ್ಲಾ. "ಮೇಡಂ, ಬೇಗ. ಏನರ ಮಾಡ್ರಿ, ಬೇಗ."

ಕಣ್ಣಿನಿಂದ ನೆನೆಯುತ್ತಿದ್ದೇನೆ, ಅದಕ್ಕೇ ತಪ್ಪುತ್ತಿದೆ ಎಂದು ಅವಳಿಗೆ ಹೊಳೆಯಿತು. ಹೊರಗಿನ ಊರಿನ ಹದಿನೈದು ವರ್ಷದಲ್ಲಿ ಕನ್ನಡಿ, ಫೋಟೊಗಳ ಅಭ್ಯಾಸವಾಗಿಬಿಟ್ಟಿತ್ತು. ಅವಳು ಕಣ್ಣು ಮುಚ್ಚಿ ಅಂಗೈಗಳನ್ನು ಗಾಳಿಯಲ್ಲಿ ಹಿಡಿದಳು. ಚಿಕ್ಕಂದಿನಲ್ಲಿ ಹುಲಿಗಿ ಒಂದು ಆಟ ಹೂಡುತ್ತಿದ್ದಳು. ತನ್ನ ಪಾಲಿನ ಹೋಳಿಗೆ ತಿಂದು, ಅಕ್ಕನ ಮೈ ತೊಟ್ಟು ಬಂದು ಅಕ್ಕನ ಪಾಲೂ ತಿನ್ನುತ್ತಿದ್ದಳು. ದುರುಗಿ ಅವಳನ್ನು ಕೆಡವಿ, ಎರಡೂ ಕೆನ್ನೆ ಗಟ್ಟಿಯಾಗಿ ಹಿಂಡಿ, "ಬಿಟ್ಟುಕೊಡು ಕಳ್ಳೀ, ಬಿಟ್ಟುಕೊಡು!" ಎಂದು ಕೂಗುವಳು. ಬೆರಳಿನ ಕೆಳಗೆ ತನ್ನದೇ ಕೆನ್ನೆ ಸಡಿಲವಾಗಿ, ಜಾರಿ, ಬೆಲ್ಲದ ಹೂರಣ ತುಂಬಿಕೊಂಡ ತಂಗಿಯ ಕೆನ್ನೆಯಾಗುತ್ತಿತ್ತು. ಒಳಗೆ ನಗು ಕುದಿಯುತ್ತಿರುವ ಕೆನ್ನೆ.

ಅಂಗೈ ಸುಟ್ಟಂತಾಯಿತು. ಕಂಪನ ಮೊಣಕೈಗೆ, ಭುಜಕ್ಕೆ, ಕುತ್ತಿಗೆಗೆ ಏರಿತು. ಎಲುಬುಗಳ ತುದಿ ಕರಗಿ ಮತ್ತೆ ಕಟ್ಟಿಕೊಂಡಿತು. ಅವಳು ಕಿರುಚಿದಳು; ಕಿರುಚಿದ್ದು ಹುಲಿಗೆವ್ವನ ದನಿ.

ಮುಲ್ಲಾ ಕೂಸನ್ನು ಎತ್ತಿ ಅವಳ ಎದೆಯ ಮೇಲೆ ಮಲಗಿಸಿದ. ಕೂಸಿನ ನೀಲಿಯಾದ ಬೆರಳುಗಳು ಅವಳ ಕೊರಳೆಲುಬಿನ ಮೇಲೆ ತಡಕಾಡಿದವು. ತಡಕಾಡಿ ನಿಂತವು. ಅವಳ ಚರ್ಮದ ಅಡಿಯಲ್ಲಿ ಏನೋ ಕೇಳಿತು, ಅವಳ ಮೈ ಅದಕ್ಕೆ ಉತ್ತರ ಕೊಟ್ಟಿತು. ಕಂಪನದ ಬಗ್ಗೆ ಹತ್ತು ಪ್ರಬಂಧ ಬರೆದಿದ್ದ ಅವಳಿಗೆ ಅದರ ರುಚಿ ಗೊತ್ತಾದದ್ದು ಅವತ್ತು.

ಅಂಕಿ ಇಳಿಯುವುದು ನಿಂತಿತು. ಸಂಜೆಗೆ ಒಂದು ದಾಟಿತು.

ಕೂಸು ಏರಿತು, ಆದರೆ ಮೆಲ್ಲಗೆ. ಗುರುವಾರ ಅದರ ಮಡಿಚಿದ ಕಿವಿ ಬಿಚ್ಚಿಕೊಂಡಿತು. ಮುಲ್ಲಾ ಈಗ ಇಬ್ಬರನ್ನೂ ಅಳೆಯುತ್ತಿದ್ದ, ಕೂಸಿನ ಗಂಟಲು, ಅವಳ ಮೂಗಿನ ಸೇತುವೆ. ಅವಳ ಮೈ ಕೂಸಿಗಿಂತ ಬಹಳ ವೇಗವಾಗಿ ಗಟ್ಟಿಯಾಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಕೂಸಿನದು ಒಂದು ಪಾಯಿಂಟ್ ಐದು, ಅವಳದು ಮೂರು ಪಾಯಿಂಟ್ ಎಂಟು.

"ಇವತ್ತು ಮಧ್ಯಾಹ್ನದೊಳಗ ನೀವು ನಾಲ್ಕು ದಾಟತೀರಿ," ಎಂದ ಅವನು. "ಈಗ ಕಳಚಿದ್ರ ನೀವು ಬರತೀರಿ. ಕೂಸು..." ಅವನು ಅಳತೆಕಡ್ಡಿಯನ್ನು ಒರೆಸತೊಡಗಿದ.

"ಕೂಸು ಎರಡು ಮುಟ್ಟಬೇಕಾದ್ರ?"

"ಇನ್ನೂ ಎರಡು ದಿನ."

ದುರುಗವ್ವ ಕೂಸಿನ ಕಡೆ ಬಾಗಿದಳು. ಕೂಸು ಅವಳ ಸೆರಗನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ನಿನ್ನೆ ಶೌಚಾಲಯದ ಕನ್ನಡಿಯಲ್ಲಿ ತಂಗಿಯನ್ನು ಕಂಡು ಅವಳು ಬೆಚ್ಚಿಬಿದ್ದಿದ್ದಳು. ಬಾಯಿ ತೆರೆದು "ಹುಲಿಗೀ" ಎಂದಿದ್ದಳು, ಕನ್ನಡಿಯೊಳಗಿನ ಹುಲಿಗಿಯೂ ಅದನ್ನೇ ಅಂದಿದ್ದಳು. ಇನ್ನು ಮುಂದೆ ದಿನವೂ ಹೀಗೆಯೇ. ತಾನು ಯಾರ ಕಣ್ಣಲ್ಲೂ ಇರುವುದಿಲ್ಲ. ಹೊರಗಿನವರಿಗೆ ಗುರುತಿಲ್ಲದವಳು, ಒಳಗಿನವರಿಗೆ ಸತ್ತವಳು. ಅವಳಿಗೆ ಹೆದರಿಕೆಯಾಗುತ್ತಿತ್ತು. ಕೈ ಮಾತ್ರ ಕೂಸನ್ನು ಬಿಟ್ಟಿರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಗದ್ದೆವ್ವ ಬಂದಳು. ಮಾನಪ್ಪ ಬಾಗಿಲವರೆಗೆ ಬಂದು, ಒಳಗೆ ಕೂತಿದ್ದವಳನ್ನು ಒಮ್ಮೆ ನೋಡಿ, ಹೊರಗಿನ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತ. ಮುದುಕಿ ನೇರವಾಗಿ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ಗಾಜು, ತಂತಿ, ಪರದೆಗಳನ್ನೆಲ್ಲ ಕಣ್ಣಲ್ಲೇ ಅಳೆದಳು.

"ಇಷ್ಟೆಲ್ಲಾ ಸಾಮಾನು ಇಟ್ಕೊಂಡು ಒಂದು ಕೂಸು ಹಿಡ್ಯಾಕ ಆಗಲಿಲ್ಲ ನಿಮಗ," ಎಂದಳು ಮುಲ್ಲಾನಿಗೆ.

"ಇಲ್ಲವ್ವ, ಆಗಲಿಲ್ಲ," ಎಂದ ಅವನು.

"ಎಷ್ಟಾಗೈತಿ ನನ್ನ ಮಗಳದು?"

ಮುಲ್ಲಾ ದುರುಗವ್ವನ ಕಡೆ ನೋಡಿದ. "ಮೂರು ಪಾಯಿಂಟ್ ಒಂಬತ್ತು. ನಾಲ್ಕು ದಾಟಿದ್ರ ಮುಗೀತು."

ಗದ್ದೆವ್ವ ತಲೆ ಆಡಿಸಿದಳು. ಆಮೇಲೆ ಮಗಳ ಕಡೆ ತಿರುಗಿದಳು. ಬೇರೆ ಮಗಳ ಮುಖ ತೊಟ್ಟ ಮಗಳ ಕಡೆ.

"ಒಮ್ಮೆ ಮುಟ್ಟಲೇನ, ದುರುಗೀ? ಕಟ್ಟಳಿ ಹಾಳಾಗಿ ಹೋಗಲಿ. ನನ್ನ ಹುಲಿಗಿ ಮುಖ ಒಮ್ಮೆ ಮುಟ್ಟಲೇನು?"

ದುರುಗವ್ವ ಬೇಡವೆನ್ನಲಾರದೆ ಮುಖ ಮುಂದೆ ಮಾಡಿದಳು. ಮುದುಕಿಯ ಒರಟು ಅಂಗೈಗಳು ಕೆನ್ನೆಗಳ ಮೇಲೆ ಕೂತವು. ಅವಳು ಅಳುತ್ತಾಳೆಂದು ದುರುಗವ್ವ ಕಾದಳು. ಗದ್ದೆವ್ವ ಅಳಲಿಲ್ಲ. ಕಣ್ಣು ಮುಚ್ಚಿ, ಸಂತೆಯಲ್ಲಿ ಕಾಳು ನೋಡುವವಳ ಹಾಗೆ, ಗಮನವಿಟ್ಟು, ಹಣೆ, ಹುಬ್ಬು, ಮೂಗು, ತುಟಿ, ಗಲ್ಲ, ಕುತ್ತಿಗೆ ಎಲ್ಲವನ್ನೂ ನಿಧಾನವಾಗಿ ಮುಟ್ಟಿದಳು. ಮುಟ್ಟಿದ್ದನ್ನೇ ಮತ್ತೆ ಮುಟ್ಟಿದಳು. ಹೊತ್ತು ಸರಿಯಿತು. ದುರುಗವ್ವನಿಗೆ ಆಗ ಏನೋ ಹೊಳೆಯಿತು.

"ಅವ್ವಾ, ಏನ್ ಮಾಡಾಕತ್ತೀಬೇ? ಕೈ ತಗಿ!"

ತಡವಾಗಿತ್ತು. ಮುದುಕಿಯ ನೆರಿಗೆಗಳು ಬಿಗಿದಿದ್ದವು. ಬಿಳಿಗೂದಲಿನ ಕೆಳಗೆ ಹುಲಿಗೆವ್ವನ ಹಣೆ ಮೂಡಿತ್ತು, ಹುಬ್ಬು, ಆಮೇಲೆ ಮೂಗು. ಈ ಸಲ ಮೂಗು ತಪ್ಪಲಿಲ್ಲ. ಒಂದೇ ಮುಖ ಎದುರುಬದುರು ಕೂತಿತ್ತು.

"ಮುದಿ ಮೈ ಬೇ ನಿಂದು!" ದುರುಗವ್ವ ಕೂಗಿದಳು. "ನಿಂದು ಮೊದಲ ಗಟ್ಟಿ ಐತಿ, ತೊಟ್ಟ ಗಳಿಗೀಗೆ ನಾಲ್ಕು ದಾಟತೈತಿ. ತಿರುಗಿ ಬರಾಕ ಆಗಂಗಿಲ್ಲ ನಿನಗ, ನಾ ಮುಟ್ಟಿದ್ರೂ ಆಗಂಗಿಲ್ಲ!"

"ಗೊತ್ತೈತಿ. ಅದಕ್ಕ ಬಂದೀನಿ," ಎಂದಳು ಗದ್ದೆವ್ವ. ದನಿ ಕಿರಿಯ ಮಗಳದು, ಗದರಿಕೆ ತನ್ನದೇ. "ಇಬ್ಬರನ್ನ ಹಡದೀನಿ. ಒಬ್ಬಾಕಿನ್ನ ಹಾವು ಒಯ್ತು. ಇನ್ನೊಬ್ಬಾಕಿನ್ನ ನಾನ ಕಳಕೊಳ್ಳಲೇನು? ನೀ ಕೂತು, ಕೇಳಿಸಿಕೊಳ್ಳೂ ಅಂಥ ಹಾಸಿಗಿ ಮಾಡು. ಮುಂದಿನ ಕೂಸಿಗೆ ಬೇಕಾಕ್ಕತಿ."

ಅವಳು ಬಲಗೈಯನ್ನು ದುರುಗವ್ವನ ಹಣೆಯ ಮೇಲಿಟ್ಟಳು.

"ಬಿಟ್ಟುಕೊಡು."

ದುರುಗವ್ವ ಹಲ್ಲು ಕಚ್ಚಿ ಆ ಮೈಯನ್ನು ಹಿಡಿದುಕೊಳ್ಳಲು ನೋಡಿದಳು. ಆಗಲಿಲ್ಲ. ಒಂದೇ ಕಂಪನ ಎರಡು ಕಡೆಯಿಂದ ಬಂದು ಒಂದನ್ನೊಂದು ಅಳಿಸಿತು. ಒದ್ದೆ ಸೀರೆ ಜಾರುವಂತೆ ತಂಗಿ ಅವಳಿಂದ ಜಾರಿಹೋದಳು. ಮೂಗು ತನ್ನದಾಯಿತು, ತುಟಿ ತನ್ನದಾಯಿತು, ಬಿಕ್ಕಿದಾಗ ದನಿಯೂ ತನ್ನದೇ ಆಗಿತ್ತು. ಕೂಸು ಬೆಚ್ಚಿ ಅಳತೊಡಗಿತು. ಗದ್ದೆವ್ವ ಅದನ್ನು ಅವಳ ತೋಳಿನಿಂದ ಬಿಡಿಸಿಕೊಂಡು ಎದೆಗೆ ಹಾಕಿಕೊಂಡಳು. ಅದರ ಬೆರಳುಗಳು ಕೊರಳೆಲುಬನ್ನು ತಡಕಿ, ಸಿಕ್ಕಿತೆಂಬಂತೆ ನಿಂತವು. ಅಳು ಇಳಿಯಿತು.

"ಅವ್ವಾ," ಎಂದಳು ದುರುಗವ್ವ. ಎದುರಿಗೆ ಕೂತವಳಲ್ಲಿ ಅವ್ವನ ಮುಖ ಎಲ್ಲೂ ಇರಲಿಲ್ಲ. ಬಿಳಿಗೂದಲು ಮಾತ್ರ ಇತ್ತು, ಅದೂ ಬುಡದಿಂದ ಕಪ್ಪಗಾಗುತ್ತಿತ್ತು.

"ಕೂಸಿನ ಮುಂದ ಅವ್ವಾ ಅನಬ್ಯಾಡ ನನಗ. ಹುಲಿಗೀ ಅನ್ನು," ಎಂದಳು ಗದ್ದೆವ್ವ. "ಡಾಕ್ಟ್ರೇ, ಸುಮ್ಮನ ಯಾಕ ನಿಂತ್ರಿ? ಅಳೀರಿ."

ಮುಲ್ಲಾ ಕೂಸಿನ ಗಂಟಲಿಗೆ ಕಡ್ಡಿ ಇಟ್ಟ. ಒಂದು ಪಾಯಿಂಟ್ ಐದು. ಇಳಿದಿರಲಿಲ್ಲ. ಆಮೇಲೆ ದುರುಗವ್ವನ ಮೂಗಿಗೆ ಇಟ್ಟ. ಎರಡು ಪಾಯಿಂಟ್ ಏಳು, ಸಡಿಲವಾಗಿತ್ತು. ಕೊನೆಗೆ ಮುದುಕಿಯ ಕಡೆ ತಿರುಗಿ, ಕಡ್ಡಿಯನ್ನು ಆ ಎಳೆಯ ಮೂಗಿನ ಸೇತುವೆಗೆ ತಾಗಿಸಿದ. ಪರದೆಯನ್ನು ದುರುಗವ್ವನಿಗೆ ಕಾಣದಂತೆ ತಿರುಗಿಸಲು ಹೋದ. ಅವಳು ಅವನ ಕೈ ಹಿಡಿದಳು.

ನಾಲ್ಕು ಪಾಯಿಂಟ್ ಮೂರು ಮೆಗಾಪಾಸ್ಕಲ್.